ಹಗ್ಗ ಕಡಿಯೋ ನಾಯಿಗೆ ಔಷಧ

ಎಪ್ಪತ್ತರ ದಶಕದಾಗ ಸಿಂದಗಿ ದನದ ದವಾಖಾನಿಗೆ ನಾನು ಡಾಕ್ಟರ್. ಎತ್ತು, ಎಮ್ಮಿ ಬಂದ್ರ ನನಗ ಧೈರ್ಯ. ನಾಯಿ ಹಿಡ್ಕೊಂಡು ಯಾರರೆ ಬಂದ್ರ ಮಾತ್ರ ಇವತ್ತು ಏನೋ ಒಂದು ಆಗೂದ ಅಂತ ಖಾತ್ರಿ. ಆಗೇ ಆಗ್ತಿತ್ತು.

ಖಾರ

ಬಾಜೂ ಮನಿ ಸಾವ್ಕಾರ್ರು ತೊಗರಿ ವ್ಯಾಪಾರದವ್ರು. ಒಂದಿನ ತುಂಡಾದ ಹಗ್ಗ ಹಿಡ್ಕೊಂಡು ಬಂದ್ರು.

"ಡಾಕ್ಟರ್ರ, ನಮ್ಮ ನಾಯಿಮರಿ ಕಟ್ಟಿದ ಹಗ್ಗೆಲ್ಲಾ ಕಡದು ಹಾಕಾಕತ್ತೈತಿ. ಬರೂ ತಿಂಗಳು ಬಾಗೇವಾಡಿಯಿಂದ ಮಗಳನ್ನ ನೋಡಾಕ ಬರ್ತಾರ. ಹಿಂದ ಬಂದೋರೆಲ್ಲಾ 'ಹೋಗಿ ತಿಳಸ್ತೇವಿ' ಅಂದು ಹೋದ್ರು, ಒಬ್ರೂ ತಿಳಿಸ್ಲಿಲ್ಲ. ಈ ಸಲ ನಾಯಿ ಕಾಲಾಗ ಕೆಲಸ ಕೆಡಬಾರ್ದು ನೋಡ್ರಿ."

ಅಲ್ಲ, ಹಗ್ಗದಾಗ ಅದಕ್ಕ ಅಂಥಾ ರುಚಿ ಏನೈತಿ? ನನಗೂ ಕುತೂಹಲ. ಪುಸ್ತಕ ತಗದು ನೋಡ್ದೆ. ಹಗ್ಗಕ್ಕ ಖಾರಪುಡಿ ಹಚ್ಚಬೇಕು ಅಂತಿತ್ತು. ಹಂಗ ಹೇಳಿ ಕಳಿಸ್ದೆ.

ಮರುದಿನ ಸಾವ್ಕಾರ್ರ ಕೈಯಾಗ ತುಂಡೂ ಇರ್ಲಿಲ್ಲ.

"ಹಗ್ಗ ಎಲ್ರಿ?"

"ನೂಲ ನೂಲ ಬಿಡಿಸಿ ನೆಕ್ಕಿಬಿಟ್ಟೈತ್ರಿ."

"ಅದಕ್ಕ ದಿನಾ ಏನ್ ಹಾಕ್ತೀರಿ?"

"ಮತ್ತೇನ್ರಿ, ನಾವು ಉಂಡದ್ದ. ಜ್ವಾಳದ ರೊಟ್ಟಿ, ಕೆಂಪು ಚಟ್ನಿ."

ಪುಸ್ತಕ ಬರದಾವ ನಮ್ಮ ಕಡೆ ಉಂಡಿಲ್ಲ ಬಿಡು ಅನ್ಕೊಂಡೆ. ಸಾವ್ಕಾರ್ರು ಹೊಂಟೋರು ತಿರುಗಿ ನಿಂತ್ರು.

"ನಮ್ಮಾಕಿ ಕೇಳಂದ್ಲು, ನಾಳೆ ಹಚ್ಚೂವಾಗ ಮ್ಯಾಲೊಂದೀಟು ಎಣ್ಣಿ ಹಾಕ್ಲೇನು?"

ಕಹಿ

ಹಂಗಾರ ಬೇವಿನೆಣ್ಣಿ ಹಚ್ರಿ ಅಂದೆ. ಎರಡು ದಿನಕ್ಕ ಸಾವ್ಕಾರ್ರ ಹೆಂಡ್ತಿ ಸಿಟ್ಟೀಲೆ ಬಂದ್ರು. ಗಂಡ ಆ ಹಗ್ಗ ಹಿಡ್ಕೊಂಡು ನಾಯಿ ಅಡ್ಡಾಡಿಸಿ, ಕೈಗೆ ನೀರ ತೋರಿಸಿ ಉಣ್ಣಾಕ ಕುಂಡ್ರತಾರ. ಬೇವಿನೆಣ್ಣಿ ಅಷ್ಟಕ್ಕ ಹೋಗ್ತೈತೇನು? "ನಿನ್ನ ಹೋಳಗಿ ಕಹಿ" ಅಂತ ತಾಟು ಸರಸ್ತಾರ.

"ಡಾಕ್ಟರ್ರ, ನಾಯಿ ಹಗ್ಗ ಬಿಟ್ಟಿಲ್ಲ, ಇವ್ರು ಊಟ ಬಿಟ್ಟಾರ!"

ಚಪ್ಪಲಿ

ಕಡೀಕ ಮರಿ ಬಾಯಿ ತಗದು ನೋಡ್ದೆ. ಹೊಸ ಹಲ್ಲು ಬರಾಕತ್ತಿದ್ವು. ಪಾಪ, ವಸಡು ತುರಿಸಿ ಕಡೀತಿತ್ತು.

"ಕಡಿಯಾಕ ಏನರೆ ಕೊಡ್ರಿ. ಒಂದು ಎಲುಬು..."

"ಶಿವ ಶಿವಾ! ನಮ್ಮನ್ಯಾಗ ಎಲುಬೇನ್ರಿ?" ಸಾವ್ಕಾರ್ರು ಕಿವಿ ಮುಚ್ಕೊಂಡ್ರು.

"ಹಂಗಾರ ಹಳೇ ಚಪ್ಪಲಿ ಕೊಡ್ರಿ."

ನಾಯಿ ಹಗ್ಗ ಬಿಡ್ತು. ನಾನು ಮೀಸಿ ತಿರುವಿದೆ. ಹಳೇ ಚಪ್ಪಲಿ ಯಾವ್ದು, ಹೊಸಾದು ಯಾವ್ದು ಅಂತ ನಾಯಿಗೆ ಹೇಳೋರ್ಯಾರು?

ಬಾಗೇವಾಡಿಯವ್ರು ಬಂದ್ರು. ನನ್ನನ್ನೂ ಕರದಿದ್ರು. ಹುಡುಗಿ ನೋಡಿದ್ದಾತು, ಚಾ ಕುಡದದ್ದಾತು. ಹುಡುಗನ ಅಪ್ಪ "ಹೋಗಿ ತಿಳಸ್ತೇವಿ" ಅಂತ ಎದ್ರು. ಸಾವ್ಕಾರ್ರ ಮಾರಿ ಸಣ್ಣದಾತು. ಹೊರಗ ಬಂದು ನೋಡಿದ್ರ, ಆ ಹಿರೇರ ಹೊಸ ಚಪ್ಪಲಿಗೆ ಉಂಗುಟಾನೂ ಇಲ್ಲ, ಪಟ್ಟೀನೂ ಇಲ್ಲ! ಹೊರಗ ಕೆಂಡದಂಥಾ ಬಿಸಲು. ಸಾವ್ಕಾರ್ರು ತಮ್ಮ ಚಪ್ಪಲಿ ಕೊಟ್ರ ಅವ್ರ ಅರ್ಧ ಪಾದ ಹೊರಗ.

ಚಪ್ಪಲಿ ಹೊಲಿಸಿ ತರೂತನಕ ಸಂಜಿ ಆತು. ಅಷ್ಟರಾಗ ಊಟ ಆತು, ಎಲಿ ಅಡಕಿ ಆತು. ಒಳಗ ಹುಡುಗಿ ನಾಯಿಗೆ ಬೈಯೂದು ಕೇಳಿ ಹುಡುಗ ನಕ್ಕ. ಅವ ನಕ್ಕದ್ದು ಬಾಗಲದಾಗಿಂದ ನೋಡಿ ಅಕೀನೂ ನಕ್ಕಳು. ಹಿರೇರು ಇಬ್ಬರನ್ನೂ ನೋಡಿದ್ರು.

"ಹೋಗಿ ತಿಳಸೂದೇನೈತ್ರಿ, ಇಲ್ಲೇ ತಿಳಸ್ತೇವಿ. ಸಕ್ಕರಿ ತರ್ರಿ!"

ಸಾವ್ಕಾರ್ರು ಕಣ್ಣೊರಸ್ಕೊಂಡು ನಾಯಿ ಬೆನ್ನ ಚಪ್ಪರಿಸಿದ್ರು. ನನಗೂ ಭಾಳ ಖುಷಿ ಆತು.

ಮುಂದಿನ ವಾರ ಇಂಡಿ ಕಡೆಯವ್ರೊಬ್ರು ನಾಯಿಮರಿ ಬಗಲಾಗಿಟ್ಕೊಂಡು ದವಾಖಾನಿಗೆ ಬಂದ್ರು.

"ಏನ್ರಿ, ಚಪ್ಪಲಿ ಕಡಿಯೂ ಚಟ ಬಿಡಿಸ್ಬೇಕೇನು?"

"ಬಿಡಸೂದಲ್ರಿ, ಹಚ್ಚಬೇಕು. ಮನ್ಯಾಗ ಇಬ್ರು ಹೆಣ್ಣುಮಕ್ಕಳು ಲಗ್ನಕ್ಕ ಬಂದಾರ!"