ಫಂಕ್ಷನ್ನಿಗೂ ಒಂದು ಕಾನ್ಸ್ಟ್

ಮನೆಗೆ ಬೀಗ ಹಾಕಿ, ಬಸ್‌ಸ್ಟ್ಯಾಂಡಿನವರೆಗೆ ನಡೆದು, ಹಾಕಿದೆನೋ ಇಲ್ಲವೋ ಎಂದು ವಾಪಸು ಬಂದು ಬೀಗ ಜಗ್ಗಿ ನೋಡುವವರ ಪೈಕಿ ನಾನು. ಇಂಥವರು ಬೇರೆ ಯಾವ ಕೆಲಸಕ್ಕೆ ಹೋದರೂ ಪರವಾಗಿಲ್ಲ, ಪಾಠ ಹೇಳಲು ಮಾತ್ರ ಹೋಗಬಾರದು. ನಮ್ಮ ಭಯಗಳನ್ನೆಲ್ಲ ನಿಯಮ ಮಾಡಿ ಕಂಡವರ ತಲೆಗೆ ತುಂಬಿಬಿಡುತ್ತೇವೆ.

ಎರಡು ಸಾವಿರದ ಇಸವಿಯ ಆಚೀಚೆ ನಾನು ನಂಜನಗೂಡಿನ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಸಿ ಪ್ಲಸ್ ಪ್ಲಸ್ ಹೇಳಿಕೊಡುತ್ತಿದ್ದೆ. ಶುಕ್ರವಾರ, ಶನಿವಾರ ಬಸ್ಸು ಹತ್ತಿ ಟಿ. ನರಸೀಪುರದ ಬ್ರಾಂಚಿಗೂ ಹೋಗಬೇಕು. ಆ ಭಾಷೆಯಲ್ಲಿ ನನಗೆ ಬಹಳ ಹಿಡಿಸಿದ ಪದ ಕಾನ್ಸ್ಟ್. ಯಾವುದಾದರೂ ಒಂದು ಅಂಕಿಯ ಹೆಸರಿಗೆ ಮೊದಲು ಅದನ್ನು ಸೇರಿಸಿದರೆ ಆಮೇಲೆ ಅದನ್ನು ಯಾರೂ ಬದಲಾಯಿಸುವಂತಿಲ್ಲ. ಬದಲಾಯಿಸಲು ಹೋದರೆ ಕಂಪೈಲರ್, ಅಂದರೆ ನಾವು ಬರೆದದ್ದನ್ನು ಓದಿ ತಪ್ಪು ಹಿಡಿಯುವ ಪ್ರೋಗ್ರಾಮು, ಅಲ್ಲೇ ತಡೆಯುತ್ತದೆ. ನನ್ನಂಥ ಪುಕ್ಕಲನಿಗೆ ಇನ್ನೇನು ಬೇಕು? ಆಯುಧಪೂಜೆಯ ದಿನ ನಮ್ಮಮ್ಮ ವಿಭೂತಿ ಹಿಡಿದು ಹೊರಟರೆ ಸೈಕಲ್ಲು, ಈಳಿಗೆಮಣೆ, ಹಾರೆಗಳಿಗೆ ನಿಲ್ಲುತ್ತಿರಲಿಲ್ಲ. ರೇಡಿಯೋ, ಇಸ್ತ್ರಿಪೆಟ್ಟಿಗೆ, ಕೊನೆಗೆ ಸ್ವಿಚ್‌ಬೋರ್ಡಿಗೂ ಮೂರು ಪಟ್ಟೆ ಬೀಳುತ್ತಿತ್ತು. ಒಂದನ್ನು ಬಿಟ್ಟರೆ ಅದು ಬೇಜಾರು ಮಾಡಿಕೊಂಡೀತೆಂಬ ಅಳುಕು. ಆ ಕೈ ನನಗೂ ಬಂದಿದೆ. ಕಂಡಕಂಡಲ್ಲೆಲ್ಲ ಕಾನ್ಸ್ಟ್ ಹಚ್ಚುತ್ತಾ ಹೋದವನು ಕೊನೆಗೆ ಫಂಕ್ಷನ್ ಟೈಪನ್ನೂ ಬಿಡಲಿಲ್ಲ. ಫಂಕ್ಷನ್ ಎಂದರೆ ಒಂದು ಕೆಲಸ ಮಾಡುವ ವಿಧಾನ. ಅದಕ್ಕೆ ಏನು ಕೊಡಬೇಕು, ಅದು ಏನು ವಾಪಸು ಕೊಡುತ್ತದೆ ಎಂಬ ನಮೂನೆಯೇ ಅದರ ಟೈಪು. ಅದಕ್ಕೂ ಒಂದು ಕಾನ್ಸ್ಟ್ ಹಾಕಿ, ಇದರಿಂದ ಫಂಕ್ಷನ್ ಭದ್ರವಾಗುತ್ತದೆ ಎಂದು ನೋಟ್ಸಿನಲ್ಲಿ ಬರೆದೆ. ಎರಡೂ ಊರಿನವರು ಅದನ್ನು ಜೆರಾಕ್ಸ್ ಮಾಡಿಸಿಕೊಂಡರು.

ಪ್ರಾಕ್ಟಿಕಲ್ ಪರೀಕ್ಷೆಗೆ ಹತ್ತು ದಿನ ಇದ್ದಾಗ ಮಹದೇವಮ್ಮ ಮೇಡಂ ಕೈ ಎತ್ತಿದರು. ಹದಿನಾರು ಎಂಬ ಊರಿನ ಕಡೆಯ ಪ್ರೈಮರಿ ಶಾಲೆಯ ಟೀಚರು, ನನಗಿಂತ ಹನ್ನೆರಡು ವರ್ಷ ದೊಡ್ಡವರು. ಅವರ ಶಾಲೆಗೆ ಬಂದಿದ್ದ ಕಂಪ್ಯೂಟರು ಆರು ತಿಂಗಳಿಂದ ಬೆಡ್‌ಶೀಟ್ ಹೊದ್ದು ಕೂತಿತ್ತು. ಯಾರಾದರೂ ಪಾಸಾಗಿ ಸರ್ಟಿಫಿಕೇಟ್ ತರುವವರೆಗೆ ಮುಟ್ಟಕೂಡದೆಂದು ಹೆಡ್‌ಮಾಸ್ತರರ ಆಜ್ಞೆಯಂತೆ.

"ಸಾ, ಈ ಕಾನ್ಸ್ಟ್ ತೆಗುದ್ರೂ ಅಷ್ಟೇ, ಇಟ್ರೂ ಅಷ್ಟೇ. ಡಬ್ಬದ ಮ್ಯಾಲೆ ಮುಟ್ಬೇಡಿ ಅಂತ ಬರೀಬೋದು. ಸಾರು ಮಾಡೋ ವಿಧಾನದ ಮ್ಯಾಲೆ ಬರದ್ರೆ ಏನು ಬಂತು?"

ಅದೆಲ್ಲ ಮುಂದಿನ ಕೋರ್ಸಿನಲ್ಲಿ ಅರ್ಥವಾಗುತ್ತದೆ ಎಂದು ಗಂಭೀರವಾಗಿ ಹೇಳಿ ಬೋರ್ಡ್ ಒರೆಸಿದೆ. ಮನೆಗೆ ಬಂದವನೇ ದಪ್ಪ ಪುಸ್ತಕ ತೆಗೆದೆ. ಮೇಡಂ ಹೇಳಿದ್ದೇ ಸರಿ. ಫಂಕ್ಷನ್ನು ಬೆಲೆ ತುಂಬಿಡುವ ಡಬ್ಬ ಅಲ್ಲ. ಬದಲಾಯಿಸಲು ಅಲ್ಲಿ ಏನೂ ಇಲ್ಲದ ಮೇಲೆ ಬದಲಾಯಿಸಬೇಡ ಎನ್ನುವುದು ಯಾರಿಗೆ? ಸಾಲದ್ದಕ್ಕೆ, ಹಾಗೆ ಬರೆಯುವುದೇ ತಪ್ಪು ಎಂದು ಆ ಪುಸ್ತಕ ಕಟುವಾಗಿ ಹೇಳಿತ್ತು. ಮೈಸೂರಿನಿಂದ ಬರುವ ಪರೀಕ್ಷಕರು ಆ ಒಂದು ಸಾಲಿಗೆ ಎಲ್ಲರನ್ನೂ ಫೇಲು ಮಾಡಿದರೆ? ಮಹದೇವಮ್ಮನವರ ಕಂಪ್ಯೂಟರು ಬೆಡ್‌ಶೀಟಿನೊಳಗೇ ಮುದಿಯಾಗುತ್ತದೆ. ಮರುದಿನವೇ ತಪ್ಪೊಪ್ಪಿಕೊಳ್ಳಬಹುದಿತ್ತು. ಆದರೆ ಸಾರಿನ ಮುಂದೆ ಸೋಲೊಪ್ಪಿಕೊಳ್ಳಲು ಮನಸ್ಸಾಗಲಿಲ್ಲ. ಹತ್ತೂ ದಿನ ನಾಳೆ ಹೇಳಿದರಾಯಿತು ಎಂದುಕೊಂಡೇ ಕಳೆದೆ.

ಎರಡೂ ಊರಿನವರಿಗೆ ಪರೀಕ್ಷೆ ನಂಜನಗೂಡಿನಲ್ಲೇ. ಪರೀಕ್ಷಕರು ಜೇಬಿನಲ್ಲಿ ಎರಡು ಕೆಂಪು ಪೆನ್ನು ಸಿಕ್ಕಿಸಿಕೊಂಡಿದ್ದ ಸಣಕಲು ಮನುಷ್ಯ. ಉತ್ತರದ ಹಾಳೆಗಳು ಅವರ ಮೇಜಿನ ಮೇಲೆ ಪೇರಿಕೊಂಡಾಗ ನನಗೆ ತಡೆಯಲಾಗಲಿಲ್ಲ. ಹತ್ತಿರ ಹೋಗಿ, ಫಂಕ್ಷನ್ ಟೈಪಿಗೆ ಕಾನ್ಸ್ಟ್ ಹಾಕಿಸಿದವನು ನಾನು, ಹಾಗೆ ಬರೆದವರ ಮಾರ್ಕ್ಸ್ ಮುರಿಯಬೇಡಿ ಎಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

"ಕೆಲವು ಕಂಪೈಲರ್ ಬೈಯುತ್ತೆ ಕಣ್ರೀ. ನಿಮ್ಮಲ್ಲಿರೋದು ಕೇಳಿಸ್ಕೊಳ್ಳೋದೇ ಇಲ್ಲ. ಅದೇ ಸುಮ್ಮನಿದ್ಮೇಲೆ ನಾನ್ಯಾಕೆ ಮಾರ್ಕ್ಸ್ ಮುರೀಲಿ? ಕ್ಲಾಸಿನ ಒಳಗಿನ ಫಂಕ್ಷನ್ ಆದ್ರೆ ಬ್ರಾಕೆಟ್ ಆದ್ಮೇಲೆ ಹಾಕ್ಸಿ. ಅಲ್ಲಿ ಅದಕ್ಕೆ ಕೆಲಸ ಇದೆ, ತನ್ನ ಆಬ್ಜೆಕ್ಟನ್ನ ಬದಲಾಯ್ಸಲ್ಲ ಅಂತ ಮಾತು ಕೊಡುತ್ತೆ."

ಕ್ಲಾಸೆಂದರೆ ಇಲ್ಲಿ ತರಗತಿಯಲ್ಲ, ಡಬ್ಬಗಳನ್ನೂ ವಿಧಾನಗಳನ್ನೂ ಒಂದೇ ಕಡೆ ಸೇರಿಸಿದ ನಮೂನೆ, ಆಬ್ಜೆಕ್ಟೆಂದರೆ ಆ ನಮೂನೆಯಂತೆ ಮಾಡಿದ ವಸ್ತು. ಎದೆಯ ಮೇಲಿದ್ದ ರುಬ್ಬುಗುಂಡು ಇಳಿದಂತಾಯಿತು. ಹತ್ತು ದಿನದಲ್ಲಿ ಮೊದಲ ಬಾರಿಗೆ ಕಾಫಿಯ ರುಚಿ ತಿಳಿಯಿತು. ಅಷ್ಟರಲ್ಲಿ ಪರೀಕ್ಷಕರು ಹಾಳೆಗಳನ್ನೆಲ್ಲ ಎರಡು ಸಲ ತಿರುವಿ, ನೀವು ಹೇಳಿದ ಸಾಲು ಒಬ್ಬರೂ ಬರೆದಿಲ್ಲವಲ್ಲ ಎಂದರು.

ಹೊರಗೆ ಬಸ್ಸಿಗೆ ಹೊರಟಿದ್ದ ಮಹದೇವಮ್ಮನವರನ್ನು ಹಿಡಿದು ಕೇಳಿದೆ. ಪ್ರಶ್ನೆ ಕೇಳಿದ ವಾರವೇ ಇಲ್ಲಿಯ ಬ್ಯಾಚಿಗೆ ಹೇಳಿ, ಮೂಗೂರಿನ ತವರಿಗೆ ಹೋಗುವಾಗ ದಾರಿಯಲ್ಲಿ ಟಿ. ನರಸೀಪುರದಲ್ಲಿ ಇಳಿದು ಅಲ್ಲಿಯವರಿಗೂ ಆ ಸಾಲು ಹೊಡೆದುಹಾಕಿಸಿದ್ದರಂತೆ.

"ನನಗೊಂದು ಮಾತು ಹೇಳಬಾರದಿತ್ತೇ ಮೇಡಂ?" ಎಂದೆ.

"ನೀವು ಬೋರ್ಡ್ ಒರೆಸೋದು ನೋಡೇ ಗೊತ್ತಾಯ್ತು ಸಾ, ಬೇಜಾರು ಮಾಡ್ಕೊಂಡಿದ್ದೀರಿ ಅಂತ. ಸಾರ್‌ಗೆ ಯಾರೂ ಹೇಳ್ಬೇಡಿ ಅಂತ ಎಲ್ರಿಗೂ ಹೇಳಿದ್ದೆ" ಎಂದು ಅವರು ಬಸ್ಸು ಹತ್ತಿದರು.

ಅಂದರೆ ಹತ್ತು ದಿನವೂ ನಾನು ಪಾಠ ಹೇಳುತ್ತಿದ್ದೆ, ನಲವತ್ತು ಜನ ತಲೆ ಆಡಿಸುತ್ತಿದ್ದರು, ಯಾರೂ ನನ್ನ ಮಾತನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಮೇಷ್ಟರಿಗೆ ಇದಕ್ಕಿಂತ ಅವಮಾನ ಬೇರೊಂದಿಲ್ಲ. ಆದರೂ ನಿಜ ಹೇಳುತ್ತೇನೆ, ನನ್ನ ಮಾತು ಕೇಳದೆ ಎಲ್ಲರೂ ಪಾಸಾದರಲ್ಲ ಎಂದು ನಾನು ಅಷ್ಟು ಸಂತೋಷಪಟ್ಟದ್ದು ಬೇರೆ ಯಾವತ್ತೂ ಇಲ್ಲ.