ಬಸ್ ನಿಲ್ದಾಣದ ಹಿಂದಿನ ಮನೆಯವರ ಟೆಂಟು

ನಮ್ಮ ಮನೆಗೆ ಬಂದ ಯಾವ ವಸ್ತುವೂ ತಾನು ಬಂದ ಕೆಲಸವನ್ನು ಮಾಡುವುದಿಲ್ಲ. ಮಕ್ಕಳು ಓದಲೆಂದು ತಂದ ಮೇಜಿನ ಮೇಲೆ ಯಾರದೋ ಊರಿಗೆ ಹೋಗಬೇಕಾದ ಹಿಟ್ಟಿನ ಡಬ್ಬಿ ಕೂತಿದೆ. ನಾನು ಓದಲೆಂದು ತಂದ ಆರಾಮಕುರ್ಚಿಯಲ್ಲಿ ನನ್ನೊಬ್ಬನನ್ನು ಬಿಟ್ಟು ಉಳಿದವರೆಲ್ಲ ಕೂತಿದ್ದಾರೆ. ಇಂಥವು ನಡೆಯುತ್ತಲೇ ಇರುತ್ತವೆ. ನಡೆಯುವಾಗ ದಣಿವಾಗುತ್ತದೆ, ಕೆಲವು ದಿನ ಕಳೆದ ಮೇಲೆ ನಗು ಬರುತ್ತದೆ. ಟೆಂಟಿನ ವಿಷಯದಲ್ಲಿ ಮಾತ್ರ ಎರಡೂ ಒಟ್ಟಿಗೇ ಬಂದವು.

ಎಲ್ಲಕ್ಕೂ ಕಾರಣ ಮನೆ ಇರುವ ಜಾಗ. ರಾಣೆಬೆನ್ನೂರಿನಲ್ಲಿ ಕೆಳಗೆ ನನ್ನ ಬೀಜದ ಅಂಗಡಿ, ಮೇಲೆ ಮನೆ, ಓಣಿ ದಾಟಿದರೆ ಬಸ್ ನಿಲ್ದಾಣದ ಹಿಂದಿನ ಗೋಡೆ. ಆಸ್ಪತ್ರೆಗೆ ಬಂದವರು, ಕೋರ್ಟಿಗೆ ಬಂದವರು, ಸಂತೆಗೆ ಬಂದವರು, ಕನ್ಯೆ ನೋಡಲು ಬಂದವರು, ಹೀಗೆ ಎರಡೂ ಕಡೆಯ ನೆಂಟರು ಬಸ್ಸು ಬರುವವರೆಗೆ ನಮ್ಮಲ್ಲಿ ಕೂರುತ್ತಾರೆ. ನಸುಕಿನ ಬಸ್ಸಿಗೆ ಹೋಗುವವರು ಬೆಳಕು ಹರಿಯುವ ಮೊದಲೇ ಬಾಗಿಲು ಬಡಿಯುತ್ತಾರೆ. ಕೂತವರಿಗೆ ಚಹಾ ಕೊಡದೆ ಕಳಿಸುವ ಪದ್ಧತಿ ನಮ್ಮ ಕಡೆ ಇಲ್ಲ. ಕೊಡುವವಳು ನನ್ನ ಹೆಂಡತಿ.

ಒಂದು ದಿನ ಅವಳು ಚಹಾದ ಪಾತ್ರೆ ತಿಕ್ಕುತ್ತ, ನನ್ನ ಕಡೆ ನೋಡದೆ ಹೇಳಿದಳು: "ನನಗ ಬಂಗಾರ ಬ್ಯಾಡ, ಸೀರಿ ಬ್ಯಾಡ. ಒಂದ ಮುಂಜಾನಿ, ಯಾರೂ ಚಾ ಕೇಳಲಾರದಂಗ, ತಾನ ಎಚ್ಚರ ಆಗೂ ತನಕ ಮಕ್ಕೋಬೇಕು. ಅಷ್ಟ ಮಾಡ್ರಿ."

ಸಣ್ಣ ಬೇಡಿಕೆ ಅನಿಸಿತು. ಲಾಡ್ಜಿಗೆ ಹೋಗೋಣವೆಂದರೆ ನಾವು ಎಲ್ಲಿ ಬಸ್ಸು ಇಳಿದರೂ ಅಲ್ಲೊಬ್ಬ ನೆಂಟ ಇದ್ದಾನೆ. "ಮನಿ ಇರುವಾಗ ಲಾಡ್ಜ್ ಯಾಕ?" ಎಂದು ಅವನು ಮುನಿಸಿಕೊಂಡರೆ ಅದು ಮೂರು ಮದುವೆಗಳವರೆಗೆ ಹೋಗುತ್ತದೆ. ನೆಂಟರಿಲ್ಲದ ಜಾಗವೆಂದರೆ ಬಯಲೊಂದೇ. ಬಯಲಿನಲ್ಲಿ ಮಲಗಲು ಟೆಂಟು ಬೇಕು.

ನಾಲ್ಕು ಮಂದಿ ಹಿಡಿದರು

ಏನನ್ನಾದರೂ ಕೊಳ್ಳುವ ಮೊದಲು ಅದರ ಬಗ್ಗೆ ಓದುವುದು ನನ್ನ ರೋಗ. ಓದಿ ತಿಳಿದದ್ದು ಇಷ್ಟು: ನೆಲದ ಬಟ್ಟೆ ಗೋಡೆಗೆ ಹೊಲಿದಿರಬೇಕು, ಮೇಲೆ ಎರಡು ಪದರ ಇರಬೇಕು, ಕಿಟಕಿಗೆ ಸೊಳ್ಳೆಯ ಜಾಲರಿ ಇರಬೇಕು. ಡಬ್ಬದ ಮೇಲೆ ನಾಲ್ಕು ಮಂದಿಗೆ ಎಂದು ಬರೆದಿದ್ದರೆ ಅದು ಇಬ್ಬರಿಗೆ ಮತ್ತು ಅವರ ಚೀಲಕ್ಕೆ ಸಾಕಾಗುತ್ತದೆ.

ಹಾವೇರಿಯಲ್ಲಿ ತಾಡಪಾಲು, ರೇನ್‌ಕೋಟು, ಶಾಲೆಯ ಚೀಲ ಮಾರುವ ಅಂಗಡಿಯೊಂದಿದೆ. ಹೆಂಡತಿಯನ್ನೂ ಕರೆದುಕೊಂಡು ಹೋದೆ.

"ಟೆಂಟ್ ಐತೇನ್ರಿ?"

"ಮದಿವಿಗೋ, ಗೃಹಪ್ರವೇಶಕ್ಕೋ? ಉಣ್ಣಾವ್ರು ಎಷ್ಟ ಮಂದಿ?"

"ಉಣ್ಣಾಕಲ್ರಿ, ಮಕ್ಕೊಳ್ಳಾಕ. ನಾವ ನಾಕ ಮಂದಿ."

ಅಂಗಡಿಯವ ನನ್ನನ್ನು ನೋಡಿದ, ನನ್ನ ಹೆಂಡತಿಯನ್ನು ನೋಡಿದ, ದನಿ ಇಳಿಸಿದ. "ಮನಿ ಕೆಡವಿ ಕಟ್ಟಸಾಕತ್ತೀರೇನು?"

"ಇಲ್ರಿ. ಮನಿ ಐತಿ."

"ಮನಿ ಐತಿ ಅಂತೀರಿ, ಟೆಂಟ್ ಬೇಕಂತೀರಿ," ಎಂದು ಅವನು ಅಟ್ಟದಿಂದ ಧೂಳು ಹಿಡಿದ ಡಬ್ಬವೊಂದನ್ನು ಇಳಿಸಿದ. "ಇದು ಸೋವಿ ಐತಿ. ನಾಕ ಮಂದೀದು."

"ನಾಕ ಮಂದಿ ಹಿಡಿಯೂದಿಲ್ರಿ ಇದರಾಗ," ಅಂದೆ, ಓದಿದ್ದನ್ನು ನೆನೆಸಿಕೊಂಡು.

ಅಷ್ಟು ಅಂದದ್ದೇ ತಪ್ಪಾಯಿತು. ಅವನು ರೇನ್‌ಕೋಟುಗಳನ್ನು ಬದಿಗೆ ಸರಿಸಿ ಅಂಗಡಿಯ ನಡುವೆ ಟೆಂಟು ನಿಲ್ಲಿಸಿದ. ತಾನು ಒಳಗೆ ಹೋಗಿ ಮಲಗಿದ. ಪಕ್ಕದ ಅಂಗಡಿಯ ದರ್ಜಿಯನ್ನು ಕೂಗಿ ಕರೆದು ಮಲಗಿಸಿದ. ರೇನ್‌ಕೋಟು ಕೊಳ್ಳಲು ಬಂದಿದ್ದ ಗಿರಾಕಿಯನ್ನೂ ಬಿಡಲಿಲ್ಲ. ಆಮೇಲೆ ನನ್ನತ್ತ ಕೈ ಬೀಸಿದ. "ಬರ್ರಿ, ನಾಕನೇದಾವ್ರು ನೀವು."

ಹೋಗಿ ಮಲಗಿದೆ. "ಹೇಳ್ರಿ, ಹಿಡೀತೋ ಇಲ್ಲೋ?" ಎಂದು ನನ್ನ ಕಿವಿಯ ಹತ್ತಿರದಿಂದಲೇ ಅವನ ದನಿ ಬಂತು. "ಹಿಡೀತ್ರಿ," ಅಂದೆ. ಹೆಚ್ಚು ಹೇಳಲು ಎದೆಯಲ್ಲಿ ಉಸಿರಿಗೆ ಜಾಗವಿರಲಿಲ್ಲ. ದರ್ಜಿ, "ನಿಮ್ಮ ಕಾಲ ಸ್ವಲ್ಪ ಅತ್ತಾಗ ತೊಗೋರಿ ಸರ," ಅಂದ. ರೇನ್‌ಕೋಟಿನವ ಆಗಲೇ ಕಣ್ಣು ಮುಚ್ಚಿದ್ದ.

ನನ್ನ ಹೆಂಡತಿ ಬಗ್ಗಿ ಒಳಗೆ ಇಣುಕಿದಳು. "ಈ ಮೂರೂ ಮಂದಿ ಟೆಂಟಿನ ಜೋಡೀನ ಬರ್ತಾರೇನ್ರಿ? ಕೇಳಿ ಇಟ್ಕೋತೇನಿ, ಚಾಕ್ಕ ನೀರ ಎಷ್ಟ ಇಡಬೇಕಂತ."

ಬಾಗಿಲಿನ ದಿಕ್ಕು

ಅದೇ ಅಂಗಡಿಯಲ್ಲಿ ಆರು ಮಂದಿಯದು ಸಿಕ್ಕಿತು. ಅದೂ ಅಗ್ಗದ್ದೇ, ಜಾಲರಿ ಒಂದೇ ಕಡೆ ಇತ್ತು. ತಂದು, ಅಭ್ಯಾಸವಾಗಲಿ ಎಂದು ಮಾಳಿಗೆಯ ಮೇಲೆ ನಿಲ್ಲಿಸಿದೆ. ಮಗಳು ಕಡ್ಡಿ ಜೋಡಿಸಿದಳು, ಮಗ ಹಗ್ಗ ಹಿಡಿದ, ನಾನು ಸೂಚನೆಯ ಹಾಳೆ ಓದಿದೆ.

ಆ ಹೊತ್ತಿಗೆ ಹೆಂಡತಿಯ ಕಾಕಾ ಬಂದರು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರ ಅವರದು. ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದು, ಟೆಂಟನ್ನು ಒಂದು ಸುತ್ತು ಹಾಕಿದರು.

"ಅಳಿಯಂದ್ರ, ಬಾಗಲಾ ದಕ್ಷಿಣಕ್ಕ ಐತಲ್ಲ!"

"ಬಟ್ಟಿ ಮನಿ ಮಾವಾರ. ಒಂದ ರಾತ್ರಿ ಮಕ್ಕೊಳ್ಳಾಕ."

"ಬಟ್ಟೀದಿರ್ಲಿ, ಕಲ್ಲಿಂದಿರ್ಲಿ. ಒಳಗ ಮಕ್ಕೊಳ್ಳಾವ್ರು ಮನಶ್ಯಾರ ಅಲ್ಲೇನು? ಕೆಳಗಿನ ಮನೀನ ಕಟ್ಟುವಾಗ ನಾ ಹೇಳಿದೆ, ನೀವ ಕೇಳಲಿಲ್ಲ."

ಇದು ನಿಜ. ನಮ್ಮ ಮನೆಯ ಬಾಗಿಲು ದಕ್ಷಿಣಕ್ಕಿದೆ. ಅಂದಿನಿಂದ ನಮ್ಮಲ್ಲಿ ಯಾರಿಗೆ ನೆಗಡಿಯಾದರೂ ಕಾಕಾ ಬಾಗಿಲನ್ನು ನೋಡಿ ನಿಟ್ಟುಸಿರು ಬಿಡುತ್ತಾರೆ. ವಾದ ಮಾಡುವ ಶಕ್ತಿ ನನಗೆ ಉಳಿದಿರಲಿಲ್ಲ. ನಾನೂ ಮಕ್ಕಳೂ ಸೇರಿ ಟೆಂಟನ್ನು ಎತ್ತಿ ಪೂರ್ವಕ್ಕೆ ತಿರುಗಿಸಿದೆವು. ಕಾಕಾ ದೂರ ನಿಂತು, "ಇನ್ನೊಂಚೂರು, ಇನ್ನೊಂಚೂರು," ಎಂದು ಕೈ ಆಡಿಸಿದರು. ಸರಿಯಾದ ಮೇಲೆ ಚಪ್ಪಲಿ ಬಿಟ್ಟು, ಬಲಗಾಲಿಟ್ಟು ಒಳಗೆ ಹೋಗಿ, ನಡುವೆ ಕೂತರು. ಇಷ್ಟು ವರ್ಷಗಳಲ್ಲಿ ನಮ್ಮ ಮನೆಯಲ್ಲಿ ಅವರು ಅಷ್ಟು ನೆಮ್ಮದಿಯಿಂದ ಕೂತದ್ದನ್ನು ನಾನು ನೋಡಿರಲಿಲ್ಲ.

"ಈಗ ಬರೋಬ್ಬರಿ ಆತು ನೋಡ್ರಿ. ಇನ್ನ ಮ್ಯಾಲೆ ನಾ ಬಂದ್ರ ಇಲ್ಲೇ ಕುಂದ್ರಾಂವ," ಎಂದರು. ಆಮೇಲೆ ಕೆಳಗಿನ ಅಡಿಗೆಮನೆಗೆ ಕೇಳುವಂತೆ ಕೂಗಿದರು. "ಚಾ ಮ್ಯಾಲೆ ಕಳಸವ್ವಾ!"

ಟೆಂಟು ಬಂದ ಮೇಲೆ ಹೆಂಡತಿಗೆ ಆದ ಮೊದಲ ಅನುಕೂಲ ಇದು: ಚಹಾ ಇನ್ನೊಂದು ಅಂತಸ್ತು ಹತ್ತತೊಡಗಿತು.

ಚೀಲದ ಬಾಯಿ

ಟೆಂಟನ್ನು ಬಿಚ್ಚುವುದು ಸುಲಭ. ಮಡಚಿ ಅದರ ಚೀಲಕ್ಕೆ ಮತ್ತೆ ತುಂಬುವುದನ್ನು ಯಾವ ಪುಸ್ತಕವೂ ಸರಿಯಾಗಿ ಹೇಳಿಲ್ಲ. ನಾನು ಸುತ್ತಿದೆ, ಉದ್ದವಾಯಿತು. ಮಗಳು ಸುತ್ತಿದಳು, ದಪ್ಪವಾಯಿತು. ಬಸ್ಸಿಗೆ ಕಾಯುತ್ತಿದ್ದ ನೆಂಟರೊಬ್ಬರು ಗಾದಿ ಸುತ್ತಿದ ಹಾಗೆ ಸುತ್ತಿದರು. ಅದು ಗಾದಿಯೇ ಆಯಿತು.

ಕೊನೆಗೆ ಅಂಗಡಿಯ ಹಮಾಲನನ್ನು ಕರೆದೆ. ಬೀಜದ ಮೂಟೆಗಳನ್ನು ತುಂಬಿ ಕಟ್ಟುವವನು ಅವನೇ. ಅವನು ಟೆಂಟಿನ ಮೇಲೆ ಕೂತು, ಗಾಳಿ ತೆಗೆದು, ಚೀಲದೊಳಕ್ಕೆ ಮೊಣಕಾಲಿನಿಂದ ಒತ್ತಿದ. "ಆತ್ರಿ ಸಾವ್ಕಾರ್ರ, ನೀವ ಗಲ್ಲೆದ ಮ್ಯಾಲೆ ಕುಂದ್ರಿ ಹೋಗ್ರಿ," ಅಂದ. ನೆಮ್ಮದಿಯಿಂದ ಹೋಗಿ ಗಲ್ಲಾಪೆಟ್ಟಿಗೆಯ ಹಿಂದೆ ಕೂತೆ.

ಆಮೇಲೆ ಬಂದು ನೋಡಿದರೆ, ಚೀಲದ ಬಾಯಿಯ ದಾರ ಎಳೆದು ಕಟ್ಟುವ ಬದಲು ಅವನು ದಬ್ಬಣ ತೆಗೆದುಕೊಂಡು ಸುತಳಿಯಿಂದ ಚಂದವಾಗಿ ಹೊಲಿದುಬಿಟ್ಟಿದ್ದ. ಬಿಚ್ಚಿದಾಗ ಗೊತ್ತಾಯಿತು, ಚೀಲದ ಜೊತೆ ಒಳಗಿನ ಟೆಂಟೂ ಹೊಲಿಗೆಗೆ ಸಿಕ್ಕಿತ್ತು. ಮೇಲಿನ ಪದರದಲ್ಲಿ ಉದ್ದಕ್ಕೂ ತೂತುಗಳ ಸಾಲು. ಅದು ಜಲನಿರೋಧಕ ಬಟ್ಟೆ ಎಂದು ನಾನು ನಿಧಾನವಾಗಿ ತಿಳಿಸಿ ಹೇಳಿದೆ. ಅವನು ತೂತುಗಳನ್ನು ನೋಡಿ, ನನ್ನನ್ನು ನೋಡಿ, ಸಮಾಧಾನ ಮಾಡಿದ.

"ಗಾಳಿ ಆಡಬೇಕಲ್ರಿ ಸಾವ್ಕಾರ್ರ. ಇಲ್ಲಂದ್ರ ಒಳಗಿಂದು ಮೊಳಕಿ ಒಡೀತೈತಿ."

ಬ್ಯಾಡಗಿಗೆ ಹೋಗಿ ಬಂದದ್ದು

ಮಗಳು ತೂತುಗಳಿಗೆ ಟೇಪು ಅಂಟಿಸಿದಳು. ಮುಂದಿನ ಶನಿವಾರ ಹೊರಡುವುದೆಂದು ಹೆಂಡತಿ ನಿಶ್ಚಯಿಸಿದಳು. ಗುರುವಾರ ಕಾಕಾನ ಫೋನು ಬಂತು. ಮೆಣಸಿನಕಾಯಿಯ ಕಾಲ. ಕಣದಲ್ಲಿ ಒಣಹಾಕಿದ ಮಾಲನ್ನು ಕಾಯಲು ಆಳುಗಳು ಮಲಗಬೇಕು. ಚಳಿ ಬಹಳ. "ಎರಡ ದಿನದ ಮಟ್ಟಿಗೆ ಅಳಿಯಂದ್ರ. ಪಾಪ, ಮಂದಿ ಬಯಲಾಗ ಮಕ್ಕೋತಾರ."

ಮಂದಿಯ ವಿಷಯ ಬಂದ ಮೇಲೆ ಇಲ್ಲವೆನ್ನುವುದು ಹೇಗೆ? ಕೊಟ್ಟೆ. ಎರಡು ದಿನ ಹೋಗಿ ಹಂಗಾಮು ಮುಗಿಯುತ್ತ ಬಂತು, ಟೆಂಟು ಬರಲಿಲ್ಲ. ನಾನೇ ಬ್ಯಾಡಗಿಗೆ ಹೋದೆ. ಕಣದ ಅಂಚಿನಲ್ಲಿ ನಮ್ಮ ಟೆಂಟು ಪೂರ್ವಕ್ಕೆ ಮುಖ ಮಾಡಿ ನಿಂತಿತ್ತು. ಆಳುಗಳು ಅದರ ಹೊರಗೆ ಕಂಬಳಿ ಹೊದ್ದು ಕೂತಿದ್ದರು.

"ಒಳಗ ಯಾರದಾರ?" ಎಂದು ಕೇಳಿದೆ.

"ಮೆಣಸಿನಕಾಯಿ ಅದಾವ್ರಿ," ಅಂದ ಒಬ್ಬ.

ಒಂದು ಸಂಜೆ ಮೋಡ ಮುಸುಕಿ ಹನಿ ಬಿದ್ದಿತಂತೆ. ಕಾಕಾ ಆಳುಗಳನ್ನು ಹೊರಗೆ ಕಳಿಸಿ ಮಾಲನ್ನು ಒಳಗೆ ಹಾಕಿಸಿದ್ದರು. ಅದು ಅಲ್ಲಿಗೇ ಒಗ್ಗಿಹೋಯಿತು. ಅಷ್ಟರಲ್ಲಿ ಕಾಕಾ ಬಂದರು. ನಾನು ಆಳುಗಳನ್ನು ನೋಡಿ, ಕಾಕಾನನ್ನು ನೋಡಿದೆ. ಅವರೇ ಹೇಳಿದರು. "ಹಂಗ ನೋಡಬ್ಯಾಡ್ರಿ ಅಳಿಯಂದ್ರ. ಮಂದಿ ತೊಯ್ದ್ರ ಒಣಗತಾರ. ಕಾಯಿ ತೊಯ್ದ್ರ ಬಣ್ಣ ಹೋಗತೈತಿ."

ಮನೆಗೆ ತಂದು ಬಿಚ್ಚಿದಾಗ ನಾವು ನಾಲ್ವರೂ, ಬಸ್ಸಿಗೆ ಕಾದಿದ್ದ ಇಬ್ಬರೂ, ಎದುರು ಮನೆಯವರೂ ಕೆಮ್ಮಿದೆವು. ಎರಡು ಸಲ ತೊಳೆದರೂ ಘಾಟು ಹೋಗಲಿಲ್ಲ. ಕಾಕಾನಿಗೆ ಫೋನಿನಲ್ಲಿ ಹೇಳಿದರೆ ಅವರು ಸಂತೋಷಪಟ್ಟರು. "ಜಾಲರಿ ಒಂದ ಕಡಿ ಐತಿ ಅಂತಿದ್ರೆಲ್ಲ? ಇನ್ನ ಚಿಂತಿಲ್ಲ ಬಿಡ್ರಿ. ಸೊಳ್ಳಿ ಒಳಗ ಬಂದ್ರೂ ಕೆಮ್ಮಕೋತ ತಾನ ಹೊರಗ ಹೋಗತೈತಿ."

ಹೊಳೆಯ ದಂಡೆಯಿಂದ ಅಂಗಳಕ್ಕೆ

ಕೊನೆಗೊಂದು ಶನಿವಾರ ಯಾರಿಗೂ ಹೇಳದೆ ಮನೆಗೆ ಬೀಗ ಹಾಕಿ ಗಳಗನಾಥಕ್ಕೆ ಹೋದೆವು. ಅಲ್ಲಿ ತುಂಗಭದ್ರೆಗೆ ವರದಾ ಬಂದು ಸೇರುತ್ತದೆ, ಹಳೆಯ ಗುಡಿ ಇದೆ. ಎಲ್ಲಕ್ಕಿಂತ ಮುಖ್ಯವಾಗಿ, ನಮಗೆ ಅಲ್ಲಿ ಒಬ್ಬ ನೆಂಟನೂ ಇಲ್ಲ. ದಂಡೆಯ ಮೇಲೆ ಟೆಂಟು ನಿಂತಿತು. ಹೆಂಡತಿ ನೀರಿನಲ್ಲಿ ಕಾಲಿಟ್ಟುಕೊಂಡು ಕೂತಳು. ಅವಳು ಸುಮ್ಮನೆ ಕೂತದ್ದನ್ನು ಮಕ್ಕಳು ವಿಚಿತ್ರವಾಗಿ ನೋಡಿದರು.

ಹೊತ್ತು ಮುಳುಗುವ ವೇಳೆಗೆ ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದ ರೈತನೊಬ್ಬ ನಿಂತ.

"ನೀವು ರಾಣೆಬೆನ್ನೂರಾಗ ಬೀಜದ ಅಂಗಡಿ ಸಾವ್ಕಾರ್ರಲ್ಲೇನ್ರಿ? ಏನಾತ್ರಿ? ಮನ್ಯಾಗ ಏನರ ಜಗಳಾ..."

"ಏನಿಲ್ರಿ. ಸುಮ್ನ ಬಂದೀವಿ. ಇಲ್ಲಿ ಗಾಳಿ ಚಲೋ ಐತಿ."

"ಗಾಳಿ ನಮ್ಮ ಮನ್ಯಾಗೂ ಐತಿ. ಹೆಣ್ಮಕ್ಕಳನ್ನ ಕರ್ಕೊಂಡು ಹೊಳಿ ದಂಡಿಗೆ ಮಕ್ಕೋತೀರಿ? ನಿಮ್ಮಲ್ಲಿ ಬೀಜಾ ಒಯ್ದು ಬಿತ್ತಿದಾವ ನಾನು. ನಾಳೆ ಊರಾಗ ಮಂದಿ, ಅವ್ರು ಬಯಲಾಗ ಬಿದ್ದಿದ್ರು, ನೀ ಏನ್ ಮಾಡಾಕತ್ತಿದ್ದಿ ಅಂತ ಕೇಳಿದ್ರ ಏನ್ ಹೇಳ್ಲಿ?"

ನಾನು ಬೇಡವೆಂದೆ, ಹೆಂಡತಿ ಬೇಡವೆಂದಳು. ಅವನು ಹೋಗಿ ತನ್ನ ಹೆಂಡತಿಯನ್ನು ಕರೆತಂದ. ಆಕೆ ಬಂದವಳೇ "ನಡಿ ತಂಗಿ," ಎಂದು ನನ್ನ ಹೆಂಡತಿಯ ಕೈ ಹಿಡಿದುಬಿಟ್ಟಳು. ಕೈ ಹಿಡಿದ ಮೇಲೆ ನಮ್ಮ ಕಡೆ ಮಾತು ಮುಗಿದ ಹಾಗೆ. ಮಡಚುವ ಕಷ್ಟ ಯಾರಿಗೂ ಬೇಡವಾಗಿ, ನಿಂತ ಟೆಂಟನ್ನೇ ಊರಿನ ನಾಲ್ಕು ಮಂದಿ ಎತ್ತಿಕೊಂಡು ಊರೊಳಗೆ ಹೊರಟರು. ನಾವು ಹಿಂದೆ ನಡೆದೆವು.

ಮನೆ ಸಣ್ಣದು. ಗಂಡ, ಹೆಂಡತಿ, ಗಂಡನ ವಯಸ್ಸಾದ ತಂದೆ. ಇದ್ದ ಒಂದೇ ಕೋಣೆಯನ್ನು ನಮಗೆ ಬಿಟ್ಟುಕೊಟ್ಟರು. "ನೀವ ಎಲ್ಲಿ ಮಕ್ಕೋತೀರಿ?" ಎಂದು ನನ್ನ ಹೆಂಡತಿ ಕೇಳಿದಳು. "ಅಂಗಳದಾಗ." ಅವಳಿಗೆ ನಾಚಿಕೆಯಾಯಿತು. "ಹಂಗಾದ್ರ ನಮ್ಮ ಟೆಂಟಿನಾಗರ ಮಕ್ಕೋರಿ ಅಕ್ಕಾ, ಸುಮ್ನ ನಿಂತೈತಿ." ಆಕೆ ಒಳಗೆ ತಲೆ ಹಾಕಿ ಮೂಸಿದಳು. "ಮೆಣಸಿನಕಾಯಿ ವಾಸನಿ ಐತಿ. ಮನಿಯಂಗ ಅನಸ್ತೈತಿ," ಎಂದು ಗಂಡನನ್ನೂ ಕರೆದುಕೊಂಡು ಒಳಗೆ ಹೋಗಿ ಜಿಪ್ಪು ಎಳೆದುಕೊಂಡಳು.

ಬೆಳಿಗ್ಗೆ, ಇನ್ನೂ ಮಬ್ಬು ಇರುವಾಗಲೇ, ಪಡಸಾಲೆಯಿಂದ ಮುದುಕರ ಕೆಮ್ಮು ಕೇಳಿಸಿತು. ಆಮೇಲೆ ಕೂಗು. "ಯವ್ವಾ, ಚಾ ಇಡು."

ಟೆಂಟಿನಿಂದ ಉತ್ತರವಿಲ್ಲ. ಕೋಣೆಯಲ್ಲಿ ನನ್ನ ಹೆಂಡತಿಯ ಕಣ್ಣು ತೆರೆದದ್ದನ್ನು ನೋಡಿದೆ. ಅವಳು ಜಂತಿಯನ್ನು ನೋಡುತ್ತ ಮಲಗಿದ್ದಳು. ಮತ್ತೆ ಕೂಗು ಬಂತು. ನಾನು ಎದ್ದು ಹೊರಗೆ ಹೋಗಿ, "ನಾ ಮಾಡ್ತೇನಿ ಅಜ್ಜಾರ," ಅಂದೆ. ಮುದುಕರು ಗಾಬರಿಯಾದರು. "ಛೇ ಛೇ, ನೀವ ಕುಂದ್ರಿ ಸಾವ್ಕಾರ್ರ! ಗಂಡಸ್ರು ನೀವ್ಯಾಕ? ಹೆಣ್ಮಕ್ಕಳು ಮಾಡ್ತಾರ." ಎಂದು ನನ್ನ ತೋಳು ಹಿಡಿದು ಕೂರಿಸಿದರು. ಕೂತೆ. ಒಳಗೆ ಒಲೆ ಹೊತ್ತಿಸಿದ ಸದ್ದಾಯಿತು.

"ಸಕ್ರಿ ಎಲ್ಲೈತ್ರಿ?" ಎಂದು ಹೆಂಡತಿ ಕೇಳಿದಳು.

"ಅಲ್ಲೇ ಎಲ್ಲೋ ಇರ್ತೈತಿ ನೋಡವ್ವಾ," ಅಂದರು ಮುದುಕರು.

ಅಷ್ಟರಲ್ಲಿ ಓಣಿಯವರು ಟೆಂಟು ನೋಡಲು ಬಂದರು. ಒಳಗೆ ಮಲಗಿದ್ದಾರೆಂದು ತಿಳಿದು, "ಹಗೂರ ಮಾತಾಡ್ರಿ, ಎಚ್ಚರ ಆದೀತು," ಎಂದು ಒಬ್ಬರಿಗೊಬ್ಬರು ಸನ್ನೆ ಮಾಡಿದರು. ಇಡೀ ಓಣಿ ಪಿಸುಮಾತಿನಲ್ಲಿ ನಿಂತಿತು. ನಿಂತವರಿಗೆ ಚಹಾ ಕೊಡದಿರಲಾದೀತೆ? ನನ್ನ ಹೆಂಡತಿ ಪಾತ್ರೆಗೆ ಮತ್ತೆ ನೀರು ಹಾಕಿದಳು. ಮುದುಕರು ಎರಡನೆಯ ಲೋಟ ಮುಗಿಸಿ, "ಇವತ್ತ ಚಾ ಚಲೋ ಆಗೈತಿ," ಅಂದರು.

ಬಿಸಿಲು ಅಂಗಳಕ್ಕೆ ಇಳಿದ ಮೇಲೆ ಜಿಪ್ಪು ಸರಿಯಿತು. ಮನೆಯಾಕೆ ಕೂದಲು ಕೆದರಿಕೊಂಡು ಹೊರಗೆ ತಲೆ ಹಾಕಿ, ಬಿಸಿಲನ್ನೂ ಓಣಿಯ ಮಂದಿಯನ್ನೂ ನೋಡಿ ಬಾಯಿಯ ಮೇಲೆ ಕೈ ಇಟ್ಟುಕೊಂಡಳು.

"ಅಯ್ಯ ಶಿವನ! ಇಷ್ಟೊತ್ತಾದ್ರೂ ಯಾರೂ ಎಬ್ಬಸಲಿಲ್ಲಲ್ಲ! ಈ ಮನಿಗೆ ಸೊಸಿಯಾಗಿ ಬಂದಾಗಿಂದ ಹಿಂಗ ಮಲಗಿದ್ದಿಲ್ಲ ನೋಡ ತಂಗಿ. ಇದರಾಗ ಅಂಥಾದ್ದು ಏನೈತೋ ಏನೋ! ಎಲ್ಲಿ ಸಿಗ್ತೈತಿದು? ಭಾಳ ತುಟ್ಟಿ ಐತೇನು?"

ನನ್ನ ಹೆಂಡತಿ ಸೆರಗಿನಿಂದ ಮುಖ ಒರೆಸಿಕೊಂಡು, ಬಗ್ಗಿ, ಟೆಂಟಿನ ಬಾಗಿಲಲ್ಲಿ ಆಕೆಯ ಕೈಗೆ ಚಹಾದ ಲೋಟ ಕೊಟ್ಟಳು.

"ತುಟ್ಟಿ ಏನಿಲ್ಲಕ್ಕಾ, ಹಾವೇರ್ಯಾಗ ಸೋವಿ ಸಿಗ್ತೈತಿ. ಆದ್ರ ಮುಂಜಾನಿ ಎದ್ದು ಚಾ ಮಾಡೂ ಆಕಿನ್ನ ಅದರ ಜೋಡಿ ಕೊಡೂದಿಲ್ಲ. ಆಕಿನ್ನ ನೀವ ಹುಡುಕ್ಕೋಬೇಕು."