ಒಂಟಿ ಸೀನಿನ ಕಾರು

ಕೆಟ್ಟ ಗಾಡಿ ತಂದ್ರೆ ನನಗೆ ಸಿಟ್ಟು ಬರಲ್ಲ. ಗಾಡಿ ಕೆಡೋದ್ರಿಂದಲೇ ನಮ್ಮ ಹೊಟ್ಟೆಪಾಡು ನಡೀತಿರೋದು. ಚೆನ್ನಾಗಿರೋ ಗಾಡಿ ತಂದು ನಿಲ್ಲಿಸಿ "ಇದನ್ನ ಇನ್ನೂ ಚೆನ್ನಾಗಿ ಮಾಡ್ರಿ" ಅಂತಾರಲ್ಲ, ಅವಾಗ ಮೈಯೆಲ್ಲ ಉರೀತೈತೆ. ದಾವಣಗೆರೆ ಆನೆಕೊಂಡದಾಗ ಗ್ಯಾರೇಜ್ ಇಟ್ಟು ಇಪ್ಪತ್ತು ವರ್ಷ ಆತು, ತಿಂಗಳಿಗೊಬ್ಬ ಇಂಥವನು ಬಂದೇ ಬರ್ತಾನೆ. ಬೇರೆಯವರಾದ್ರೆ ಬೈದು ಕಳಿಸ್ತೀನಿ. ಹೆಂಡತಿ ತಮ್ಮ ಬಂದು ನಿಂತ್ರೆ ಯಾರನ್ನ ಬೈಯೋದು?

೧. ಹತ್ತು ಕುದುರೆ

ನನ್ನ ಬಾಮೈದನಿಗೆ ಮೂವತ್ತೊಂದು. ಸೀರೆ ಅಂಗಡಿ ಐತೆ, ನಿಜಲಿಂಗಪ್ಪ ಬಡಾವಣೆಯಾಗ ಸ್ವಂತ ಮನೆ ಐತೆ, ಮನೇಲಿ ತಾಯಿ ಅದಾರೆ. ಹೆಂಡತಿ ಒಬ್ಬಳೇ ಇಲ್ಲ. ಎರಡು ಸಂಬಂಧ ಮಾತುಕತೆವರೆಗೆ ಬಂದು ಮುರಿದು ಹೋದ್ವು. ಆ ಬೇಜಾರಿಗೆ ಒಂದು ಟರ್ಬೊ ಕಾರು ತಗೊಂಡ. ನೋಡಾಕೆ ಗಿಡ್ಡ, ಆಕ್ಸಿಲರೇಟರ್ ತುಳಿದ್ರೆ ಬೆನ್ನು ಹೋಗಿ ಸೀಟಿಗೆ ಅಂಟ್ಕೋತೈತೆ. ಅದೂ ಸಾಲ್ದು ಅಂತ ಒಂದಿನ ಗ್ಯಾರೇಜಿಗೆ ಡಬ್ಬ ಹೊತ್ಕೊಂಡು ಬಂದ. ಒಳಗೆ ಒಂದು ದಪ್ಪ ಪೈಪು, ಗೋಪುರದಂಗಿರೋ ಕೆಂಪು ಫಿಲ್ಟರು, ನಾಲ್ಕು ಕ್ಲ್ಯಾಂಪು.

"ಮಾವ, ಇದು ಏರ್ ಇಂಟೇಕ್ ಕಿಟ್. ಕಂಪನಿಯವರ ಫಿಲ್ಟರ್ ಡಬ್ಬ ತೆಗೆದು ಇದನ್ನ ಹಾಕ್ಬೇಕು. ಇಂಜಿನ್ನಿಗೆ ಗಾಳಿ ಜಾಸ್ತಿ ಹೋಗ್ತೈತೆ."

"ಈಗೇನು ಉಸಿರು ಕಟ್ಟಿ ಸಾಯಾಕ ಹತ್ತೈತಾ?"

"ಹಂಗಲ್ಲ ಮಾವ. ಹತ್ತು ಎಚ್‌ಪಿ ಜಾಸ್ತಿ ಆಗ್ತೈತೆ. ಅಂದ್ರೆ ಹತ್ತು ಕುದುರೆ ಶಕ್ತಿ."

ನನಗೆ ರೇಗಿ ಹೋತು. "ನಿನ್ನ ಮನೆಯಿಂದ ಅಂಗಡಿಗೆ ಎರಡು ಕಿಲೋಮೀಟರು. ದಾರಿಗೆ ಒಂದು ಎಮ್ಮೆ ಅಡ್ಡ ಮಲಗಿದ್ರೆ ಇರೋ ಕುದುರೆಗಳೇ ನಿಂತ್ಕೋತಾವೆ. ಇನ್ನೂ ಹತ್ತು ತಂದು ಎಲ್ಲಿ ಕಟ್ತೀಯಲೇ?"

ಅವನು ಸುಮ್ನೆ ಫೋನ್ ತೆಗೆದು ಅಕ್ಕನಿಗೆ ಹಚ್ಚಿ ನನ್ನ ಕೈಗೆ ಕೊಟ್ಟ. ಆ ಕಡೆಯಿಂದ ನನ್ನ ಹೆಂಡತಿ, "ನನ್ನ ತಮ್ಮ ನಿಮ್ಮನ್ನ ಬಿಟ್ಟು ಇನ್ಯಾರನ್ನ ಕೇಳ್ಬೇಕ್ರಿ?" ಅಂದ್ಲು.

"ಬ್ಯಾರೆ ಮೆಕ್ಯಾನಿಕ್ಕನ್ನ ಕೇಳ್ಲಿ" ಅಂದೆ.

ಅವತ್ತು ಮಧ್ಯಾಹ್ನ ಮನೆಯಿಂದ ಊಟದ ಡಬ್ಬಿ ಬರಲಿಲ್ಲ. ಮೂರು ಗಂಟೆಗೆ ಸ್ಪ್ಯಾನರ್ ಕೈಗೆ ತಗೊಂಡೆ.

೨. ಇಂಜಿನ್ನಿಗೆ ಕೆಮ್ಮು

ಕಿಟ್ ಜೊತೆ ಬಂದ ಹಾಳೆಯಾಗ ನಲವತ್ತು ನಿಮಿಷದ ಕೆಲಸ ಅಂತ ಬರೆದಿತ್ತು. ಬರೆದವನು ಕೈಗೆ ಸಿಕ್ಕಿದ್ರೆ ನಾಲ್ಕು ಬಾರಿಸ್ತಿದ್ದೆ. ಕಂಪನಿ ಡಬ್ಬ ಬಿಚ್ಚೋದ್ರೊಳಗೇ ಒಂದು ತಾಸು ಹೋತು. ಹೊಸ ಪೈಪು ಒಂದು ಕಡೆ ಕೂತ್ರೆ ಇನ್ನೊಂದು ಕಡೆ ಎದ್ದು ನಿಲ್ತಿತ್ತು. ಬೆರಳು ತರಚಿ ರಕ್ತ ಬಂತು. ಆದ್ರೂ ಹಿಡಿದ ಕೆಲಸ ಕೆಡಿಸೋನಲ್ಲ ನಾನು, ಅಚ್ಚುಕಟ್ಟಾಗಿ ಕೂರಿಸಿದೆ. ಬಾಮೈದನಿಗೆ ಒಂದೇ ಮಾತು ಹೇಳಿದೆ: "ಇದು ಬಯಲಿಗೆ ಬಿದ್ದಿರೋ ಫಿಲ್ಟರು. ನೀರು, ಧೂಳು ಹತ್ರ ಬಿಟ್ಕೋಬ್ಯಾಡ."

ನೀರು, ಧೂಳು ಅಂದೆ. ವಿಭೂತಿ ಅಂತ ಹೇಳಾಕೆ ನನಗೆ ಹೊಳೀಲಿಲ್ಲ.

ನಮ್ಮ ಅತ್ತೆಗೆ ಉಕ್ಕಡಗಾತ್ರಿ ಗದ್ದಿಗೆಯ ಅಜ್ಜಯ್ಯ ಅಂದ್ರೆ ಜೀವ. ಕಾರಿಗೆ ಹೊಸ ಸಾಮಾನು ಬಿದ್ದೈತೆ, ಪೂಜೆ ಆಗ್ಬೇಕು ಅಂತ ಮಗನ್ನ ಕರ್ಕೊಂಡು ಅಲ್ಲಿಗೆ ಹೊರಟ್ರು. ಅಲ್ಲಿ ಹೊಳೆ ದಂಡೆಗೆ ಕಾರು ನಿಲ್ಲಿಸಿ ಬಾನೆಟ್ ಎತ್ತಿಸಿದ್ರೆ ಒಳಗೆ ಎಲ್ಲಾ ಕರ್ರಗೆ ಐತೆ, ಒಂದೇ ಒಂದು ಕೆಂಪಗೆ, ದುಂಡಗೆ ಕೂತೈತೆ. ಇದೇ ಮುಖ್ಯವಾದ್ದು ಅಂತ ಅತ್ತೆ ತೀರ್ಮಾನ ಮಾಡಿದ್ರು. ಫಿಲ್ಟರಿಗೆ ಮೂರು ಬೆರಳು ವಿಭೂತಿ ಎಳೆದು, ಕುಂಕುಮ ಇಟ್ಟು, ಮೇಲೆ ಒಂದು ಹಿಡಿ ವಿಭೂತಿ ಉದುರಿಸಿ ಕೈ ಮುಗಿದ್ರು. ಮಗ ಆ ಕಡೆ ಕಾಯಿ ಒಡೆಸ್ತಾ ನಿಂತಿದ್ದ. ಬಂದು ಕಾರು ಚಾಲೂ ಮಾಡಿದ, ಇಂಜಿನ್ ಅಷ್ಟನ್ನೂ ಎಳ್ಕೊಂತು.

ಹರಿಹರ ಮುಟ್ಟೋದ್ರೊಳಗೆ ಮೀಟರ್ ಹತ್ರ ಹಳದಿ ಲೈಟು ಹತ್ತಿ, ಕಾರು ಕೆಮ್ಮಾಕೆ ಶುರು ಮಾಡ್ತಂತೆ. ಗ್ಯಾರೇಜಿಗೆ ತಂದ್ರು. ಪೈಪು ಬಿಚ್ಚಿದ್ರೆ ಒಳಗೆಲ್ಲ ಗಮ್ ಅಂತ ವಿಭೂತಿ ವಾಸನೆ. ಗಾಳಿ ಅಳೆಯೋ ಸೆನ್ಸರ್ ಮೇಲೆ ಸುಣ್ಣ ಬಳಿದಂಗೆ ಆಗಿತ್ತು. ನಾನು ಬಾಯಿಗೆ ಬಂದಂಗೆ ಕೂಗಾಡಿದೆ, ಬಾಮೈದನಿಗೆ ಅಂತ ಹೇಳ್ಕೊಂಡು ಅತ್ತೆಗೆ ಕೇಳೋ ಹಂಗೆ.

ಅತ್ತೆ ಸ್ಟೂಲಿನ ಮೇಲೆ ಕೂತು ಪೂರ್ತಿ ಕೇಳಿಸ್ಕೊಂಡ್ರು. ಆಮೇಲೆ ತಣ್ಣಗೆ ಹೇಳಿದ್ರು: "ಅಳಿಯಂದ್ರೇ, ಅಜ್ಜಯ್ಯನ ವಿಭೂತಿ ಒಳಗೆ ಹೋದ್ರೆ ಮನುಷ್ಯರ ಕೆಮ್ಮೇ ಹೋಗ್ತೈತೆ. ಇದಕ್ಕೆ ಕೆಮ್ಮು ಬಂತು ಅಂದ್ರೆ ನಿಮ್ಮ ಫಿಟಿಂಗ್ ಸರಿ ಇಲ್ಲ."

೩. ಜೋಡಿ ಹಾಕಿ ಕೊಡ್ರಿ

ಈ ಕಿಟ್ ಹಾಕಿಸೋ ಹುಡುಗರು ಕುದುರೆ, ಕತ್ತೆ ಅಂತ ಏನೇ ಹೇಳ್ಲಿ, ಅವರಿಗೆ ಬೇಕಾಗಿರೋದು ಸದ್ದು. ಆಕ್ಸಿಲರೇಟರ್ ತುಳಿದು ಕಾಲು ಎತ್ತಿದ್ರೆ, ಟರ್ಬೊ ಒಳಗೆ ಕೂಡಿದ ಗಾಳಿ "ಪ್‌ಛೂ" ಅಂತ ಹೊರಗೆ ಬರ್ತೈತೆ. ಕಂಪನಿ ಡಬ್ಬ ಇದ್ದಾಗ ಅದು ಒಳಗೇ ಅಡಗಿರ್ತಿತ್ತು. ಈಗ ಓಣಿಗೆಲ್ಲ ಕೇಳಾಕ ಹತ್ತಿತು. ನಮ್ಮ ಬಾಮೈದ ದಿನಾ ಬೆಳಿಗ್ಗೆ ಅಂಗಡಿಗೆ ಹೊರಡೋವಾಗ ಗೇಟಿನಾಗ ಒಂದು ಸಲ ತುಳಿದು ಕಾಲು ಎತ್ತೋನು.

ಜಗಲಿ ಮೇಲೆ ಕೂತ ಅತ್ತೆಗೆ ಅದು ಸೀನು.

ಹೊರಡೋವಾಗ ಒಂಟಿ ಸೀನು ಬಂದ್ರೆ ಹೋದ ಕೆಲಸ ಆಗಲ್ಲ, ವಾಪಸ್ ಕೂತು ನೀರು ಕುಡಿದು ಹೋಗ್ಬೇಕು, ಜೋಡಿ ಸೀನು ಬಂದ್ರೆ ಶುಭ, ಇದು ನಮ್ಮ ಕಡೆ ಎಲ್ಲರ ಮನೇಲೂ ಇರೋದೇ. ಮನುಷ್ಯರು ಸೀನೋದು ಯಾವಾಗೋ ಒಂದು ಸಲ. ಈ ಕಾರು ದಿನಾ ಸೀನ್ತಿತ್ತು, ಅದೂ ಲೆಕ್ಕ ಹಾಕಿ ಒಂದೇ. ಮಗನ್ನ ಒಳಗೆ ಕರೆದು, ಕೂರಿಸಿ, ನೀರು ಕುಡಿಸಿ ಕಳಿಸೋರು. ಅವನು ಮತ್ತೆ ಗೇಟಿನಾಗ ಕಾಲು ಎತ್ತೋನು. ಮತ್ತೆ ಒಳಗೆ. ಅಂಗಡಿ ಬಾಗಿಲು ತೆಗೆಯೋದು ಹನ್ನೊಂದು ಗಂಟೆ ಆತು.

ಅತ್ತೆ ಆಟೋ ಮಾಡ್ಕೊಂಡು ಗ್ಯಾರೇಜಿಗೆ ಬಂದ್ರು. "ಅಳಿಯಂದ್ರೇ, ಅದು ಎರಡು ಸಲ ಸೀನೋ ಹಂಗೆ ಮಾಡಿ ಕೊಡ್ರಿ."

"ಅತ್ತೆ, ಅದು ಸೀನಲ್ಲ. ಗಾಳಿ."

"ನಮಗೆ ಬರೋ ಸೀನು ಮತ್ತೇನು, ಬೆಲ್ಲವಾ?"

ಕ್ಲಚ್ ಹಾಕ್ರಿ, ಬ್ರೇಕ್ ಹಾಕ್ರಿ ಅಂತ ಊರೇ ಬಂದೈತೆ. ಜೋಡಿ ಸೀನು ಹಾಕ್ರಿ ಅಂತ ಬಂದವರು ಇವರೊಬ್ಬರೇ. ನನಗೆ ತಲೆ ಚಿಟ್ಟು ಹಿಡೀತು. ಬಾಮೈದನಿಗೆ, "ನಾಳೇನೇ ತಗೊಂಬಾ, ಬಿಚ್ಚಿ ಎಸೀತೀನಿ" ಅಂದೆ. "ಹರಿಹರಕ್ಕೆ ಹುಡುಗಿ ನೋಡಾಕೆ ಹೋಗೋದೈತಲ್ಲ ಮಾವ, ಅಲ್ಲಿವರೆಗೆ ಇರ್ಲಿ. ಒಂದು ಗತ್ತು ಇರ್ತೈತೆ" ಅಂದ.

ಅಮ್ಮನ ಕೈಯಾಗ ನೀರು ಕುಡಿದು ಅಂಗಡಿಗೆ ಹೋಗೋನಿಗೆ ಗತ್ತು ಬೇಕಂತೆ.

೪. ಹರಿಹರಕ್ಕೆ ಹೋದದ್ದು

ಇದು ಮೂರನೇ ಸಂಬಂಧ. "ಇದೂ ತಪ್ಪಿದ್ರೆ ಇನ್ನು ನನಗೆ ಮದುವೆ ಮಾತೇ ಬ್ಯಾಡ" ಅಂತ ಬಾಮೈದ ಹೇಳಿಬಿಟ್ಟಿದ್ದ. ಅದನ್ನ ಕೇಳಿ ಅತ್ತೆ ಎರಡು ದಿನ ಸರಿಯಾಗಿ ಉಂಡಿರಲಿಲ್ಲ. ಹುಡುಗಿ ಅಪ್ಪ ಹರಿಹರದಾಗ ಮಿಷನ್ ಕಾರ್ಖಾನೆ ಫೋರ್‌ಮನ್ ಆಗಿ ರಿಟೈರಾದವರು, ಟೈಮಿನ ಮನುಷ್ಯ. ಬುಧವಾರ, ಹನ್ನೆರಡಕ್ಕೆ ರಾಹುಕಾಲ, ಹತ್ತೂವರೆಗೆ ಬರ್ರಿ ಅಂದಿದ್ರು. ಅರ್ಧ ತಾಸಿನ ದಾರಿ. ಬಾಮೈದ, ಅತ್ತೆ, ನಾನು, ನನ್ನ ಹೆಂಡತಿ, ಒಟ್ಟು ನಾಲ್ಕು ಜನ. ಅತ್ತೆ ತೊಡೆ ಮೇಲೆ ಐದು ಲೀಟರ್ ನೀರಿನ ಕ್ಯಾನು, ಕೈಯಾಗ ತಂಬಿಗೆ.

ಗೇಟಿನಾಗ ಶುರುವಾತು. ಶುಭ ಕಾರ್ಯ ನೋಡ್ರಿ, ಅವತ್ತು ಎಲ್ಲರೂ ಕುಡೀಬೇಕು, ತಂಬಿಗೆ ಖಾಲಿ ಆಗ್ಬೇಕು. ಸಿಗ್ನಲ್ಲಿನಾಗ ಪ್‌ಛೂ. "ಪಕ್ಕಕ್ಕೆ ಹಾಕಪ್ಪ." ಕಾರು ಪಕ್ಕಕ್ಕೆ, ತಂಬಿಗೆ ಬಾಯಿಗೆ. ಲಾರಿ ಅಡ್ಡ ಬಂತು, ಪ್‌ಛೂ, ತಂಬಿಗೆ. ಹಂಪು ಬಂತು, ತಂಬಿಗೆ. ಊರು ದಾಟೋದ್ರೊಳಗೇ ಐದು ಸಲ ಆತು. ಕ್ಯಾನು ಮುಗಿದ ಮೇಲೆ ಎಳನೀರಿನವನ ಹತ್ರ ನಿಲ್ಲಿಸಿದ್ರು. "ಬಿಡ್ರಿ ಅತ್ತೆ, ನಾನು ನಡ್ಕೊಂಡೇ ಬರ್ತೀನಿ" ಅಂತ ಬಾಗಿಲಿಗೆ ಕೈ ಹಾಕಿದೆ. ಹೆಂಡತಿ ಅಂಗಿ ಹಿಡಿದು ಕೂರಿಸಿದ್ಲು.

ಹರಿಹರ ಮುಟ್ಟಿದಾಗ ಹನ್ನೊಂದೂವರೆ ಆಗಿತ್ತು. ಫೋರ್‌ಮನ್ನರು ಗಡಿಯಾರ ನೋಡ್ಕೊಂಡೇ, "ಬರ್ರಿ, ಕುಂದ್ರಿ" ಅಂದ್ರು. ಒಬ್ಬರೂ ಕೂರಲಿಲ್ಲ. ಕೂರೋ ಹಂಗಿರಲಿಲ್ಲ. "ಬಚ್ಚಲು ಯಾವ ಕಡೆ ಐತ್ರಿ?" ಅಂತ ನಾನೇ ಕೇಳಿದೆ. ಹುಡುಗಿ ಉಪ್ಪಿಟ್ಟಿನ ತಟ್ಟೆ ತಂದಾಗ ಹುಡುಗನ ಕಡೆಯವರು ಹಿತ್ತಲ ಬಾಗಿಲಾಗ ಸಾಲಾಗಿ ನಿಂತಿದ್ವಿ, ಹುಡುಗ ನಾಲ್ಕನೆಯವನು. ಹುಡುಗಿ, "ಏನಾತ್ರಿ?" ಅಂತ ಅತ್ತೆನ ಮೆಲ್ಲಗೆ ಕೇಳಿದ್ಲು. ಅತ್ತೆ ಕಾರಿನ ಸೀನಿನ ಕಥೆ ಒಂದೂ ಬಿಡದೆ ಹೇಳಿದ್ರು. ನಾಚಿಕೆಗೆ ನನಗೆ ಭೂಮಿ ಬಾಯಿ ಬಿಡಬಾರದಾ ಅನ್ಸಿತು.

ಫೋರ್‌ಮನ್ನರು ಸೀದಾ ಹೊರಗೆ ಬಂದು ಬಾನೆಟ್ ಎತ್ತಿಸಿದ್ರು. ಬಗ್ಗಿ ನೋಡಿ, "ಯಾರು ಕೂರಿಸಿದ್ದು?" ಅಂದ್ರು. ನಾನೇ ಅಂತ ಹೇಳಿದೆ.

"ಕೆಲಸ ಅಚ್ಚುಕಟ್ಟು ಐತೆ" ಅಂದು ಬಾಮೈದನ ಕಡೆ ತಿರುಗಿದ್ರು. "ಹೊಸ ಕಾರನ್ನೇ ಇದ್ದಂಗೆ ಇಟ್ಕೊಳ್ಳಾಕೆ ಆಗ್ಲಿಲ್ಲ ನಿನ್ನ ಕೈಲಿ. ನನ್ನ ಮಗಳನ್ನ ಇದ್ದಂಗೆ ಇಟ್ಕೋತೀಯಾ?"

ಬಾಮೈದ ಮೆಲ್ಲಗೆ ಬಾನೆಟ್ ಇಳಿಸಿದ. "ಯೋಚನೆ ಮಾಡಿ ಹೇಳಿ ಕಳಿಸ್ತೀವ್ರಿ" ಅಂದ್ರು ಅವರು. ಆ ಮಾತಿನ ಅರ್ಥ ನಮಗೆ ಎರಡು ಸಲ ಗೊತ್ತಾಗಿತ್ತು. ಅವನನ್ನ ಅಲ್ಲೇ ಎರಡು ತದುಕಬೇಕು ಅನ್ನೋ ಸಿಟ್ಟು ನನಗೆ, ಅವನ ಮುಖ ನೋಡಿದ್ರೆ ಅಳು ಬರೋ ಹಂಗೆ ಇತ್ತು. ಎಲ್ಲರೂ ಕಾರು ಹತ್ತಿದ್ವಿ. ಹುಡುಗಿ ಕಡೆಯವರು ಗೇಟಿಗೆ ಬಂದು ನಿಂತ್ರು. ಬಾಮೈದ ಚಾಲೂ ಮಾಡಿ, ರೂಢಿಗೆ ತುಳಿದು ಕಾಲು ಎತ್ತಿದ.

ಪ್‌ಛೂ.

ಒಂದೇ. ಅತ್ತೆ ತಂಬಿಗೆ ಎತ್ತಿದ್ರು, ಒಂದು ಹನಿ ನೀರಿಲ್ಲ. "ಮುಗೀತು ಬಿಡು" ಅಂತ ಸೆರಗಿನಾಗ ಕಣ್ಣು ಒರೆಸ್ಕೊಂಡ್ರು.

ಆಗ ಗೇಟಿನ ಕಡೆಯಿಂದ "ಹಾಕ್ಷೀ" ಅಂತ ಕೇಳಿಸ್ತು. ಹುಡುಗಿ. ನೆಗಡಿ ಇಲ್ಲ, ಧೂಳಿಲ್ಲ, ಬಾಯಿಂದ ಮಾಡಿದ ಸೀನು ಅಂತ ಎಂಥವನಿಗೂ ಗೊತ್ತಾಗ್ತಿತ್ತು. "ಜೋಡಿ ಆತಪ್ಪ. ಇನ್ನು ಹೋಗ್ಬರ್ಲಿ ಅವರು" ಅಂದ್ಲು.

ಮೂವತ್ತು ವರ್ಷ ಮಿಷನ್ ಸದ್ದು ಕೇಳಿದ ಕಿವಿಗೆ ಅಸಲಿ ಯಾವುದು, ನಕಲಿ ಯಾವುದು ಅಂತ ತಿಳೀದೇ ಇರ್ತೈತಾ? ಫೋರ್‌ಮನ್ನರು ಮಗಳ ಮುಖ ನೋಡಿದ್ರು. ಗಡಿಯಾರ ನೋಡಿದ್ರು, ಹನ್ನೆರಡಕ್ಕೆ ಇನ್ನೂ ಎರಡು ನಿಮಿಷ ಇತ್ತು. ಕಾರಿನ ಹತ್ರ ಬಂದು, "ನಿಶ್ಚಯಕ್ಕೆ ದಿನ ನೋಡಿ ತಿಳಿಸ್ರಿ. ಬರೋವಾಗ ಮಾತ್ರ ಬಸ್ಸಿಗೆ ಬರ್ರಿ" ಅಂದ್ರು.

ವಾಪಸ್ ಬರೋವಾಗ ಕಾರು ದಾರಿ ಉದ್ದಕ್ಕೂ ಸೀನ್ತು, ಅತ್ತೆ ಕಿವಿಗೇ ಹಾಕ್ಕೊಳ್ಳಲಿಲ್ಲ. ದಾವಣಗೆರೆ ಹತ್ರ ಬಂದಾಗ ಹಿಂದಿನ ಸೀಟಿನಿಂದ ನನ್ನ ಹೆಗಲು ತಟ್ಟಿದ್ರು.

"ಬೇಜಾರು ಮಾಡ್ಕೋಬ್ಯಾಡ್ರಿ ಅಳಿಯಂದ್ರೇ. ಇಪ್ಪತ್ತು ವರ್ಷ ಗ್ಯಾರೇಜ್ ಇಟ್ಟು ನಿಮ್ಮ ಕೈಲಿ ಆಗದ ರಿಪೇರಿನ ಆ ಹುಡುಗಿ ನಿಂತ ಜಾಗದಾಗೇ ಮಾಡಿ ಕೊಟ್ಲು."